ಜಿಪ್ಸಿಗೆ ಮನೆಯಂಗಳದಲ್ಲೇ ಬ್ರೇಕ್ ಕೆಲಸ: ಎರಡು ಮಳೆಗಾಲ, 17,000 ಕಿ.ಮೀ. ಆದ ಮೇಲೆ

ನನ್ನದು 2008ರ ಮಾರುತಿ ಜಿಪ್ಸಿ. 1.3 ಲೀಟರ್ ಪೆಟ್ರೋಲ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಗಿಬಿಎಸ್ ಏನೂ ಇಲ್ಲ. ಮನೆ ಉಡುಪಿ ಜಿಲ್ಲೆಯ ಹಿರಿಯಡ್ಕದ ಹತ್ತಿರ. ದಿನಾ ಮಣಿಪಾಲಕ್ಕೆ ಕೆಲಸಕ್ಕೆ ಹೋಗುವುದು ಇದರಲ್ಲೇ, ರಜೆ ಸಿಕ್ಕಿದರೆ ಹೆಬ್ರಿ ಕಡೆ ಭಾವನ ಅಡಿಕೆ ತೋಟಕ್ಕೆ ಹೋಗುವುದೂ ಇದರಲ್ಲೇ. ಆ ತೋಟಕ್ಕೆ ದಾರಿ ಅಂತ ಇರುವುದು ಒಂದು ತೋಡು (ಸಣ್ಣ ಹಳ್ಳ), ಒಂದು ಜಾರುವ ಏರು, ಆಮೇಲೆ ಅರ್ಧ ಕಿಲೋಮೀಟರ್ ಕೆಂಪು ಕೆಸರು.

2023ರ ಏಪ್ರಿಲ್‌ನಲ್ಲಿ ಬ್ರೇಕ್ ಪೂರ್ತಿ ಬಿಚ್ಚಿ, ನಾನೇ ಕೂತು ಹೊಸದು ಮಾಡಿದೆ. ಅಲ್ಲಿಂದ ಎರಡು ಮಳೆಗಾಲ ಕಳೆಯಿತು. ಹಾಕಿದ ವಾರಕ್ಕೇ ವಿಮರ್ಶೆ ಬರೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಅದಕ್ಕೇ ಇಷ್ಟು ದಿನ ಸುಮ್ನೆ ಇದ್ದೆ.

ಕೈ ಹಾಕುವ ಹಾಗೆ ಮಾಡಿದ್ದು ಆಗುಂಬೆ. ಆ ವರ್ಷ ಫೆಬ್ರವರಿಯಲ್ಲಿ ತೀರ್ಥಹಳ್ಳಿಯಿಂದ ಬರುತ್ತಿದ್ದೆ. ಘಾಟಿಯಲ್ಲಿ 14 ತಿರುವು. ಮೂರನೇ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದೆ, ತಪ್ಪು ನನ್ನದೇ. ಅರ್ಧಕ್ಕೆ ಬರುವಾಗ ಸುಟ್ಟ ವಾಸನೆ. ಮುಂದಿನ ತಿರುವಿನಲ್ಲಿ ಪೆಡಲ್ ಹತ್ತಿಯ ದಿಂಬು ಒತ್ತಿದ ಹಾಗೆ ಕೆಳಗೆ ಹೋಯಿತು. ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕ್ ಎತ್ತಿ, ಬದಿಯ ಮೋರಿಗೆ ಚಕ್ರ ತಾಗುವ ಮೊದಲು ನಿಂತಿತು. ಪಕ್ಕದಲ್ಲಿದ್ದ ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತು. ಅರ್ಧ ಗಂಟೆ ನಿಂತು ತಣ್ಣಗಾದ ಮೇಲೆ ಪೆಡಲ್ ತಾನೇ ಗಟ್ಟಿಯಾಯಿತು.

ಮನೆಗೆ ಬಂದು ಬ್ರೇಕ್ ಎಣ್ಣೆಯ ಡಬ್ಬಿ ತೆರೆದು ನೋಡಿದರೆ ಒಳಗೆ ಇದ್ದದ್ದು ಎಣ್ಣೆಯಲ್ಲ, ಕಷಾಯ. ಹಳೆ ಮಾಲೀಕರು ಎಷ್ಟೋ ವರ್ಷದಿಂದ ಬದಲಿಸಿದ ಹಾಗಿರಲಿಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ ಅಂದರೆ ಈ ಎಣ್ಣೆಯ ದರ್ಜೆ. ಡಾಟ್ 3 ಎಣ್ಣೆ ಹೊಸತಿರುವಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದರಲ್ಲಿ 3.7 ಶೇಕಡಾ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ಆಮೇಲೆ ನೀವು ಒತ್ತುವುದು ಗುಳ್ಳೆಯನ್ನು, ಬ್ರೇಕನ್ನಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಇನ್ನು ಈ ಎಣ್ಣೆಯ ಪಾಡು ಹೇಳಬೇಕೇ?

ಇನ್ನೊಂದು ಕಾರಣ ಟೈರು. ಕಂಪನಿಯ ಅಳತೆ 205/70 ಆರ್15. ಹಳೆ ಮಾಲೀಕರು ಶೋಕಿಗೆ 215/75 ಹಾಕಿಸಿದ್ದರು. ವ್ಯಾಸ 668 ಮಿ.ಮೀ. ಇದ್ದದ್ದು 703ರ ಹತ್ತಿರ ಹೋಯಿತು. ಬ್ರೇಕ್ ಅಷ್ಟೇ, ಚಕ್ರ ದೊಡ್ಡದು. ಹಾಗಾಗಿ ಅದೇ ಕಾಲಿನ ಬಲಕ್ಕೆ ನೆಲದ ಮೇಲೆ ಸಿಗುವ ಬ್ರೇಕಿನ ಹಿಡಿತ ಸುಮಾರು 5 ಶೇಕಡಾ ಕಡಿಮೆ. ಜೊತೆಗೆ ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದರು. ಆ ಕಥೆ ಮುಂದೆ ಬರುತ್ತದೆ.

ತಂದದ್ದು ಇಷ್ಟು: ಸ್ಟೀಲ್ ಜಾಲರಿ ಹೆಣೆದ ಮೂರು ಹೋಸ್ (ಬ್ರೇಕ್ ಎಣ್ಣೆ ಒಯ್ಯುವ, ಬಾಗುವ ಪೈಪು) 6,800 ರೂಪಾಯಿ, ಡಿಸ್ಕನ್ನು ಹಿಡಿಯುವ ಮುಂದಿನ ಪ್ಯಾಡ್ 1,900, ಡ್ರಮ್ಮನ್ನು ಒಳಗಿನಿಂದ ಒತ್ತುವ ಹಿಂದಿನ ಶೂ 1,200, ಆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಎರಡಕ್ಕೆ 1,100, ಡಾಟ್ 4 ಎಣ್ಣೆ ಎರಡು ಬಾಟಲಿ 600. ಎರಡು ಡ್ರಮ್ ಲೇತಿನಲ್ಲಿ ಉಜ್ಜಿಸಿದ್ದಕ್ಕೆ 800. ಒಟ್ಟು 12,400. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಸಿಗೇ ಹೋಯಿತು. ಅತಿ ಕಡಿಮೆ ಉಪಯೋಗಕ್ಕೆ ಬಂದದ್ದೂ ಅದೇ.

ಹೋಸ್ ಕೆಟ್ಟದು ಅಂತಲ್ಲ. ರಬ್ಬರ್ ಹೋಸ್ ಒತ್ತಡಕ್ಕೆ ಸ್ವಲ್ಪ ಉಬ್ಬುತ್ತದೆ, ಇದು ಅಷ್ಟು ಉಬ್ಬುವುದಿಲ್ಲ. ಪೆಡಲ್ ಗಟ್ಟಿಯಾಯಿತು, ಕಾಲಿಗೆ ಒಂದು ನಂಬಿಕೆ ಬಂತು. ಆದರೆ ಗಾಡಿ ನಿಲ್ಲುವ ದೂರ ಅದರಿಂದ ಕಡಿಮೆಯಾಗಲಿಲ್ಲ. ಹಳೆ ರಬ್ಬರ್ ಬಿರುಕು ಬಿಟ್ಟಿತ್ತು, ಹೊಸ ರಬ್ಬರ್ ಹೋಸ್ ಹಾಕಿದ್ದರೂ ಮುಕ್ಕಾಲು ಪಾಲು ಇದೇ ಅನುಭವ ಸಿಗುತ್ತಿತ್ತು ಅಂತ ಈಗ ಅನ್ನಿಸುತ್ತದೆ.

ನನ್ನ ತಕರಾರು ಎರಡು. ಮಾರಿದವರು “ಎತ್ತರಿಸಿದ ಗಾಡಿಗೂ ಆಗುತ್ತದೆ” ಅಂದಿದ್ದರು. ಜೋಡಿಸಿ, ಒಂದು ಚಕ್ರ ಪೂರ್ತಿ ಕೆಳಗೆ ಜೋತು ಬೀಳುವ ಹಾಗೆ ಜಾಕಿ ಹಾಕಿ, ಸ್ಟೇರಿಂಗ್ ಕೊನೆವರೆಗೆ ತಿರುಗಿಸಿ ನೋಡಿದೆ. ಎಡಗಡೆ ಹೋಸ್ ತಂತಿಯ ಹಾಗೆ ಬಿಗಿದು ನಿಂತಿತ್ತು. ತೋಟದ ಏರಿನಲ್ಲಿ ಒಂದು ಚಕ್ರ ಗುಂಡಿಗೆ ಬಿದ್ದಿದ್ದರೆ ಅಲ್ಲೇ ಕಿತ್ತು ಬರುತ್ತಿತ್ತು. ಫೋನ್ ಮಾಡಿದರೆ “ಎಲ್ಲರೂ ಅದನ್ನೇ ಹಾಕ್ತಾರೆ ಸಾರ್” ಎಂಬ ಉತ್ತರ. ಬದಲಿಸಿಕೊಡಲು ಮೂರು ವಾರ ತೆಗೆದುಕೊಂಡರು, ಕೊರಿಯರ್ ಖರ್ಚು ನನ್ನ ತಲೆಗೆ. ಎರಡನೆಯದು, ತುಕ್ಕು. ಜಾಲರಿ ಸ್ಟೇನ್‌ಲೆಸ್ ಹೌದು, ಆದರೆ ತುದಿಯ ಫಿಟ್ಟಿಂಗ್ ಬರೀ ಬಣ್ಣ ಹೊಡೆದ ಕಬ್ಬಿಣ. ಮೊದಲ ಮಳೆಗಾಲ ಮುಗಿಯುವಾಗ ಕಂದು ಬಣ್ಣಕ್ಕೆ ತಿರುಗಿತು. ಮಲ್ಪೆ, ಕಾಪು ಕಡೆ ಸಮುದ್ರದ ಬದಿಯಲ್ಲೇ ಮನೆ ಇರುವವರು ಫಿಟ್ಟಿಂಗ್ ಕೂಡ ಸ್ಟೇನ್‌ಲೆಸ್ಸಾ ಅಂತ ಕೇಳಿಯೇ ದುಡ್ಡು ಕೊಡಿ. ಹೋಸಿಗೆ ಐದರಲ್ಲಿ ಎರಡೂವರೆ ಅಂಕ.

ಪ್ಯಾಡ್ ಲೋಹದ ಪುಡಿ ಬೆರೆಸಿದ್ದು (ಸೆಮಿ ಮೆಟಾಲಿಕ್). ಬಿಸಿಯಾದಾಗ ಚೆನ್ನಾಗಿ ಹಿಡಿಯುತ್ತದೆ. ಬೆಳಿಗ್ಗೆ ಮೊದಲ ಎರಡು ಬ್ರೇಕಿಗೆ ಮಾತ್ರ ಮಾತು ಕೇಳುವುದಿಲ್ಲ. ಮಳೆಯ ರಾತ್ರಿ ಕಳೆದ ಮೇಲೆ ಡಿಸ್ಕಿನ ಮೇಲಿನ ತುಕ್ಕು ಉಜ್ಜಿ ಹೋಗುವ ಕರಕರ ಸದ್ದಿಗೆ ಪಕ್ಕದ ಮನೆಯ ನಾಯಿ ಎದ್ದು ಬೊಗಳುತ್ತದೆ. 10 ಮಿ.ಮೀ. ಇದ್ದ ಪ್ಯಾಡ್ ಈಗ ಸುಮಾರು 5ಕ್ಕೆ ಬಂದಿದೆ. ಹೊಸದರಲ್ಲಿ ಗಾಡಿಯ ವೇಗವನ್ನು 50ರಿಂದ 10 ಕಿ.ಮೀ.ಗೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಓಡಿಸುವುದು, ಹೀಗೆ ಹತ್ತು ಸಲ ಮಾಡಿ ಹೊಂದಿಸಿಕೊಂಡೆ. ದೂರೇನೂ ಇಲ್ಲ.

ನಿಜವಾದ ಬದಲಾವಣೆ ಬಂದದ್ದು ಹಿಂದಿನಿಂದ. ಡ್ರಮ್ ತೆಗೆದಾಗ ಒಳಗೆ ಒಂದು ಹಿಡಿ ಒಣಗಿದ ಕೆಂಪು ಮಣ್ಣು ಇತ್ತು. ಡ್ರಮ್ಮಿನ ಒಳಮೈಯಲ್ಲಿ ಗ್ರಾಮಾಫೋನ್ ತಟ್ಟೆಯ ಹಾಗೆ ಗೀರು. ಎಡಗಡೆಯ ವೀಲ್ ಸಿಲಿಂಡರ್ ಸೋರಿ, ಶೂ ಎಣ್ಣೆ ಕುಡಿದು ಕಪ್ಪಾಗಿತ್ತು. ಅಂದರೆ ಇಷ್ಟು ದಿನ ಹಿಂದಿನ ಎರಡರಲ್ಲಿ ಒಂದು ಚಕ್ರ ಬರೀ ಜೊತೆಗೆ ಉರುಳುತ್ತಿತ್ತು! ಲೇತಿನಲ್ಲಿ ಗೀರು ತೆಗೆಸಿ, ಹೊಸ ಶೂ, ಹೊಸ ಸಿಲಿಂಡರ್ ಹಾಕಿ, ಶೂ ಡ್ರಮ್ಮಿಗೆ ಸ್ವಲ್ಪ ಸವರುವ ಹಾಗೆ ಅಡ್ಜಸ್ಟ್ ಮಾಡಿದ ದಿನ ಬೇರೆಯೇ ಗಾಡಿ ಓಡಿಸಿದ ಹಾಗಾಯಿತು. ಹ್ಯಾಂಡ್‌ಬ್ರೇಕ್ ಕೂಡ ಲಿವರ್ ಏಳು ಹಲ್ಲು ಎತ್ತುವ ಬದಲು ನಾಲ್ಕಕ್ಕೇ ಹಿಡಿಯತೊಡಗಿತು. ಒಳಗಿನ ಧೂಳನ್ನು ಗಾಳಿ ಊದಿ ತೆಗೆಯಬೇಡಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸೋಪು ನೀರು, ಹಳೆ ಬ್ರಷ್ ಸಾಕು.

ಹಿಂದೆಯೂ ಡಿಸ್ಕ್ ಹಾಕು ಅಂತ ಬಹಳ ಜನ ಹೇಳಿದರು. ಹಾಕಲಿಲ್ಲ. ಹ್ಯಾಂಡ್‌ಬ್ರೇಕಿಗೆ ಬೇರೆ ವ್ಯವಸ್ಥೆ ಬೇಕು. ಅದಲ್ಲದೆ 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋಗುವ ಗಾಡಿಗೆ ಹೊಸ ಮಂಡೆಬಿಸಿ ಯಾಕೆ ಮಾರಾಯ್ರೆ?

ಮನೆಯಲ್ಲೇ ಮಾಡುವವರಿಗೆ ಒಂದು ಮಾತು. ನಮ್ಮಲ್ಲಿ ಅಂಗಳದಲ್ಲಿ ಕೆಂಪು ಕಲ್ಲು ಬೇಕಾದಷ್ಟು ಬಿದ್ದಿರುತ್ತದೆ, ಜಾಕಿ ತೆಗೆದು ಗಾಡಿಯನ್ನು ಅದರ ಮೇಲೆ ಕೂರಿಸುವ ಆಸೆಯಾಗುತ್ತದೆ. ಬೇಡವೇ ಬೇಡ. ಮುರಕಲ್ಲು ಹೇಳದೆ ಕೇಳದೆ ಪುಡಿಯಾಗುತ್ತದೆ. ಜಾಕಿ ಸ್ಟ್ಯಾಂಡ್ ಒಂದು ಜೊತೆ ತನ್ನಿ. ತುಕ್ಕು ಹಿಡಿದ ಪೈಪಿನ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ನಾನು ಅವಸರ ಮಾಡಿ ಒಂದರ ಮೂಲೆ ಸವೆಸಿದೆ, ಕೊನೆಗೆ ಆ ಪೈಪನ್ನೇ ಬದಲಿಸಬೇಕಾಯಿತು. ತಾಮ್ರದ ವಾಷರ್ ಹಳೆಯದನ್ನೇ ಮತ್ತೆ ಹಾಕಬೇಡಿ.

ಪೈಪಿನೊಳಗೆ ಸೇರಿದ ಏರ್ ತೆಗೆಯುವುದಕ್ಕೆ ಇಬ್ಬರು ಬೇಕು. ನನಗೆ ಸಿಕ್ಕಿದ್ದು ಒಂಬತ್ತನೇ ಕ್ಲಾಸಿನ ಮಗಳು. ಅವಳು ಸೀಟಿನಲ್ಲಿ, ನಾನು ಹಿಂದಿನ ಎಡ ಚಕ್ರದ ಬಳಿ ಅಂಗಾತ. ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರ ಅದೇ, ಅಲ್ಲಿಂದ ಶುರು. “ಒತ್ತು... ಹಿಡಿ.” “ಹಿಡಿದೆ ಅಪ್ಪಾ.” ಬ್ಲೀಡರ್ (ಏರ್ ಬಿಡುವ ಸ್ಕ್ರೂ) ಕಾಲು ಸುತ್ತು ಬಿಚ್ಚಿದರೆ ಪಾರದರ್ಶಕ ಪೈಪಿನಲ್ಲಿ ಕಷಾಯ, ನಡುವೆ ಬುಳುಬುಳು ಗುಳ್ಳೆ. ಬಿಗಿ ಮಾಡಿ, “ಬಿಡು.” ಇಪ್ಪತ್ತನೇ ಸಲಕ್ಕೆ ಅವಳು ಬ್ಲೀಡರ್ ತೆರೆದಿರುವಾಗಲೇ ಪೆಡಲ್ ಬಿಟ್ಟಳು. ಗಾಳಿ ಒಳಗೆ ಹೋಯಿತು, ಮೊದಲಿನಿಂದ ಕೆಲಸ. “ನೀವು ಬಿಡು ಅಂದದ್ದಲ್ವಾ?” ಅಂತ ಈಗಲೂ ವಾದ ಮಾಡುತ್ತಾಳೆ. ಡಬ್ಬಿಯ ಎಣ್ಣೆ ಖಾಲಿಯಾಗದ ಹಾಗೆ ನೋಡಿಕೊಳ್ಳಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ. ನನ್ನ ಬಾನೆಟ್ಟಿನ ಅಂಚಿನಲ್ಲಿ ಅಂಗೈ ಅಗಲ ಬಣ್ಣ ಸುಕ್ಕಾಗಿ ಎದ್ದಿತು, ಹಾಗೇ ಉಂಟು.

ಡಾಟ್ 4ರಲ್ಲಿ ಕುದಿಯುವ ಮಿತಿ ಹೊಸತಿಗೆ ಕನಿಷ್ಠ 230, ನೀರು ಸೇರಿದರೂ 155 ಡಿಗ್ರಿ. ಹೋದ ಡಿಸೆಂಬರಿನಲ್ಲಿ ಅದೇ ಆಗುಂಬೆ, ಹಿಂದೆ ನಾಲ್ಕು ಮೂಟೆ ಸಾಮಾನು, ಈ ಸಲ ಎರಡನೇ ಗೇರ್. ಘಾಟಿಯ ಬುಡದ ಸೋಮೇಶ್ವರಕ್ಕೆ ಬರುವವರೆಗೂ ಪೆಡಲ್ ಕದಲಲಿಲ್ಲ. ಎಣ್ಣೆಯನ್ನು ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಬದಲಿಸುತ್ತೇನೆ. ತೋಡು ದಾಟಿದ ಮೇಲೆ ನೂರು ಮೀಟರ್ ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಹೋಗಿ ಡ್ರಮ್ ಒಣಗಿಸುತ್ತೇನೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗಾಡಿ ಮೂರು ದಿನ ನಿಲ್ಲುವುದಿದ್ದರೆ ಹ್ಯಾಂಡ್‌ಬ್ರೇಕ್ ಹಾಕುವುದಿಲ್ಲ, ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದು.

ತುಕ್ಕು ಹಿಡಿದ ಆ ಎರಡು ಮುಂದಿನ ಹೋಸ್ ಈ ಮೇ ತಿಂಗಳಲ್ಲಿ ತೆಗೆಯುತ್ತೇನೆ. ಅದರ ಜಾಗಕ್ಕೆ ತಂದಿಟ್ಟಿರುವುದು ಉದ್ದ ಜಾಸ್ತಿ ಇರುವ ಸಾದಾ ರಬ್ಬರಿನದ್ದು. ಎರಡಕ್ಕೂ ಸೇರಿ 900 ರೂಪಾಯಿ. ಪೆಡಲ್ ಒತ್ತಲು ಮಗಳು ಈಗಲೇ ಐಸ್‌ಕ್ರೀಮ್ ಮುಂಗಡ ಕೇಳಿದ್ದಾಳೆ.