ಲೋಟ, ಜನರೇಟರ್, ಶೌಚಾಲಯ, ಬಸ್ಸು: ನಾಲ್ಕು ಉತ್ಸವಗಳಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದ್ದು

ಎರಡು ದಿನಗಳ ಬಯಲು ಸಂಗೀತೋತ್ಸವವೊಂದರಲ್ಲಿ ಕಸ ಮತ್ತು ವಿದ್ಯುತ್ತಿನ ಹೊಣೆ ನಾಲ್ಕು ವರ್ಷಗಳಿಂದ ನಮ್ಮ ತಂಡದ್ದು. ದಿನಕ್ಕೆ ಸುಮಾರು ಮೂರು ಸಾವಿರ ಜನ, ಒಂದು ದೊಡ್ಡ ವೇದಿಕೆ, ಒಂದು ಚಿಕ್ಕ ವೇದಿಕೆ, ಚಿತ್ರಕಲೆಗೂ ಕರಕುಶಲಕ್ಕೂ ಒಂದಿಷ್ಟು ಡೇರೆಗಳು. ಮೊದಲ ವರ್ಷದ ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋದಾಗ ಕಂಡ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ವೇದಿಕೆಯ ಮುಂದೆ ಹುಲ್ಲು ಕಾಣದಷ್ಟು ಲೋಟಗಳು ತುಳಿತಕ್ಕೆ ಚಪ್ಪಟೆಯಾಗಿ ಬಿದ್ದಿದ್ದವು. ಇಬ್ಬನಿಗೆ ನೆನೆದ ಕಾರ್ಯಕ್ರಮ ಪಟ್ಟಿಗಳು ಮಣ್ಣಿಗೆ ಅಂಟಿಕೊಂಡಿದ್ದವು. ಮೂಲೆಯಲ್ಲಿ ಜನರೇಟರ್ ಇನ್ನೂ ಗುಡುಗುಡು ಎನ್ನುತ್ತಿತ್ತು. ಕೊನೆಯ ಹಾಡು ಮುಗಿದು ಆರು ಗಂಟೆ ಕಳೆದಿತ್ತು. ಅಷ್ಟು ದೊಡ್ಡ ಯಂತ್ರ ರಾತ್ರಿಯಿಡೀ ನಾಲ್ಕು ದೀಪಗಳಿಗಾಗಿ ಡೀಸೆಲ್ ಕುಡಿದಿತ್ತು.

ಅಂದಿನಿಂದ ಪ್ರತಿ ವರ್ಷ ಒಂದೊಂದು ಅಗತ್ಯಕ್ಕೂ ಎರಡು ಮೂರು ಬಗೆಗಳನ್ನು ಬಳಸಿ, ಮರುದಿನ ಬೆಳಿಗ್ಗೆ ಎಣಿಸಿ, ತೂಗಿ ನೋಡುತ್ತಿದ್ದೇವೆ. ಏನು ಉಳಿಯಿತು, ಉಳಿದದ್ದು ಎಲ್ಲಿಗೆ ಹೋಯಿತು ಎಂಬುದೇ ನಮ್ಮ ಅಳತೆಗೋಲು. ಈ ಅಳತೆಗೋಲಿಗೆ ಸಿಗದ ಒಂದು ದೊಡ್ಡ ಸಂಗತಿಯೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೂರು ಬಗೆಯ ಲೋಟಗಳು

ಕಾಗದದ ಲೋಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಳಗೆ ಪಾಲಿಥಿನ್‌ನ ತೆಳು ಪದರ ಇರುವುದರಿಂದಲೇ ಅದು ಸೋರುವುದಿಲ್ಲ. ಅದೇ ಪದರದಿಂದಾಗಿ ಹಳೆಯ ಕಾಗದದ ಜೊತೆಗೂ ಹೋಗದು, ಗೊಬ್ಬರಕ್ಕೂ ಆಗದು. ಮೊದಲ ವರ್ಷ ಬಳಸಿದೆವು, ಅಲ್ಲಿಗೆ ಬಿಟ್ಟೆವು.

ಎರಡನೆಯ ವರ್ಷ ಅರ್ಧ ಮಳಿಗೆಗಳಿಗೆ ‘ಗೊಬ್ಬರವಾಗುವ’ ಲೋಟ ಕೊಟ್ಟೆವು. ಮೆಕ್ಕೆಜೋಳದಂತಹ ಬೆಳೆಗಳ ಪಿಷ್ಟದಿಂದ ತಯಾರಾಗುವ ಪಿಎಲ್ಎ ಎಂಬ ಪ್ಲಾಸ್ಟಿಕ್ಕಿನದು ಅದು. ನನಗೆ ಅದರ ಮೇಲೆ ತುಂಬ ಭರವಸೆಯಿತ್ತು. ಉತ್ಸವದ ನಂತರ ಒಂದು ಚೀಲ ಲೋಟಗಳನ್ನು ಎಲೆ, ತರಕಾರಿ ಸಿಪ್ಪೆಗಳ ಜೊತೆ ನಮ್ಮದೇ ಗೊಬ್ಬರದ ಗುಂಡಿಗೆ ಹಾಕಿದೆವು. ಆರು ತಿಂಗಳ ಮೇಲೆ ಅಗೆದಾಗ ಎಲೆ, ಸಿಪ್ಪೆ ಎಲ್ಲವೂ ಕಪ್ಪು ಮಣ್ಣಾಗಿತ್ತು. ಆ ಮಣ್ಣಿನ ನಡುವಿನಿಂದ ಒಂದು ಲೋಟವನ್ನು ಎತ್ತಿ ತೊಳೆದರೆ, ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಮುದ್ರಿಸಿದ್ದ ಎಲೆಯ ಚಿತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಅದರಲ್ಲಿ ನೀರು ಕುಡಿಯಬಹುದಿತ್ತು.

ಇದು ಲೋಟದ ಮೋಸವಲ್ಲ. ಪಿಎಲ್ಎ ಕೊಳೆತು ಗೊಬ್ಬರವಾಗಲು 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಬಿಸಿ ವಾರಗಟ್ಟಲೆ ಬೇಕು. ಗೊಬ್ಬರವಾಗುವ ಪ್ಯಾಕಿಂಗ್ ವಸ್ತುಗಳಿಗಾಗಿ ಇರುವ ಯುರೋಪಿನ ಇಎನ್ 13432 ಮಾನದಂಡ 12 ವಾರಗಳಲ್ಲಿ ಚೂರಾಗಬೇಕು, 6 ತಿಂಗಳೊಳಗೆ ಶೇಕಡಾ 90ರಷ್ಟು ಜೈವಿಕವಾಗಿ ವಿಘಟನೆಯಾಗಬೇಕು ಎಂದು ಹೇಳುವುದು ದೊಡ್ಡ ಗೊಬ್ಬರ ಘಟಕಗಳ ಬಿಸಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮ ಗುಂಡಿ ಕೆಲವು ದಿನ 45 ಡಿಗ್ರಿ ಮುಟ್ಟಿ ತಣ್ಣಗಾಗಿತ್ತು. ಅಂತಹ ಘಟಕ ಹತ್ತಿರದಲ್ಲಿದ್ದು, ಈ ಲೋಟಗಳನ್ನು ತೆಗೆದುಕೊಳ್ಳಲು ಅವರು ಮೊದಲೇ ಒಪ್ಪಿದ್ದರೆ ಮಾತ್ರ ಈ ದಾರಿಗೆ ಅರ್ಥವಿದೆ. ನಮಗೆ ಇನ್ನೊಂದು ತೊಂದರೆಯೂ ಎದುರಾಯಿತು. ನೋಡಲು ಅದು ಮಾಮೂಲಿ ಪ್ಲಾಸ್ಟಿಕ್ಕಿನಂತೆಯೇ ಇರುವುದರಿಂದ ಸ್ವಯಂಸೇವಕರು ಎರಡನ್ನೂ ಒಂದೇ ಚೀಲಕ್ಕೆ ತುಂಬಿದರು. ಮರುಬಳಕೆಗೆ ಒಯ್ಯುವವರು ಇಡೀ ಚೀಲವನ್ನೇ ಬೇಡವೆಂದರು. ಕುದಿಯುವ ಚಹಾ ಹಾಕಿದರೆ ಲೋಟ ಕೈಯಲ್ಲೇ ಮೆತ್ತಗಾಗುತ್ತಿತ್ತು ಎಂಬ ದೂರು ಬೇರೆ.

ಉಳಿದ ಅರ್ಧ ಮಳಿಗೆಗಳಲ್ಲಿ ಠೇವಣಿ ಪಡೆದು ಕೊಡುವ, ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ಕಿನ ದಪ್ಪ ಲೋಟ. ಉತ್ಸವದ ಹೆಸರು, ಇಸವಿ, ಒಬ್ಬ ಕಲಾವಿದೆ ಬರೆದುಕೊಟ್ಟ ನವಿಲು, ಎಲ್ಲವನ್ನೂ ಅದರ ಮೇಲೆ ಅಚ್ಚು ಹಾಕಿಸಿದ್ದೆವು. ಬಹಳ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದುದರಿಂದಲೇ ಜನ ಅದನ್ನು ಮನೆಗೆ ಒಯ್ದರು. ಹತ್ತು ಕೊಟ್ಟರೆ ಏಳು ಮರಳಿದವು. ಲೆಕ್ಕ ಸರಳ: ಪ್ರತಿ ಸಲ ಹತ್ತರಲ್ಲಿ ಮೂರು ಕಳೆದುಹೋದರೆ ಒಂದು ಲೋಟ ಸರಾಸರಿ ಮೂರು ಸಲಕ್ಕಿಂತ ಸ್ವಲ್ಪ ಹೆಚ್ಚು ಬಳಕೆಯಾಗುತ್ತದೆ, ಅಷ್ಟೆ. ತೆಳು ಲೋಟಕ್ಕಿಂತ ಹಲವು ಪಟ್ಟು ತೂಕದ ಪ್ಲಾಸ್ಟಿಕ್ಕನ್ನು ಮೂರು ಸಲ ಬಳಸಿದರೆ ಉಳಿಸಿದ್ದೇನು? ಹತ್ತರಲ್ಲಿ ಒಂಬತ್ತು ಮರಳಿದರೆ ಸರಾಸರಿ ಹತ್ತು ಬಳಕೆ, ಇಪ್ಪತ್ತರಲ್ಲಿ ಹತ್ತೊಂಬತ್ತು ಮರಳಿದರೆ ಇಪ್ಪತ್ತು. ಮರಳುವ ಪ್ರಮಾಣ ಸ್ವಲ್ಪ ಏರಿದರೂ ಲೋಟದ ಆಯುಷ್ಯ ದುಪ್ಪಟ್ಟಾಗುತ್ತದೆ.

ಮೂರನೆಯ ವರ್ಷ ಚಿತ್ರವನ್ನೂ ಇಸವಿಯನ್ನೂ ತೆಗೆದೆವು. ಬೂದು ಬಣ್ಣದ ಬರಿಯ ಲೋಟ. ಠೇವಣಿ ಹೆಚ್ಚಿಸಿದೆವು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮರಳಿದವು. ಮರಳದಿದ್ದವುಗಳಲ್ಲಿ ಬಹುಪಾಲಿಗೆ ಕಾರಣ ಸಾಲು. ಕೊನೆಯ ಹಾಡು ಮುಗಿದೊಡನೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ನಾವು ಒಂದೊಂದಾಗಿ ಎಣಿಸುತ್ತಾ ಕೂತರೆ ಜನ ಲೋಟವನ್ನು ಬೇಲಿಯ ಮೇಲೆ ಬಿಟ್ಟು ನಡೆಯುತ್ತಾರೆ. ತಂಡದ ಬಡಗಿಯೊಬ್ಬರು ಇದಕ್ಕೊಂದು ಉಪಾಯ ಮಾಡಿದರು. ಒಂದರೊಳಗೊಂದು ಇಟ್ಟ 5, 10, 25 ಲೋಟಗಳ ಎತ್ತರಕ್ಕೆ ಸರಿಯಾಗಿ ಗೀರು ಕೊರೆದ ಮರದ ಕೋಲು. ಲೋಟಗಳ ಸಾಲನ್ನು ಕೋಲಿನ ಪಕ್ಕಕ್ಕೆ ಹಿಡಿದರೆ ಸಾಕು, ಎಣಿಕೆ ಮುಗಿದಂತೆ. ಗೆಳೆಯರ ಗುಂಪಿನ ಲೋಟಗಳನ್ನೆಲ್ಲ ಒಬ್ಬರೇ ತಂದುಕೊಡುವುದು ಆಗ ಸುಲಭವಾಯಿತು.

ತೊಳೆಯುವುದಕ್ಕಿಂತ ಒಣಗಿಸುವುದು ಕಷ್ಟ. ಮೊದಲ ರಾತ್ರಿ ತೊಳೆದ ಲೋಟಗಳನ್ನು ಒದ್ದೆಯಾಗಿಯೇ ಒಂದರೊಳಗೊಂದು ಜೋಡಿಸಿಟ್ಟಿದ್ದೆವು. ಬೆಳಿಗ್ಗೆ ಬಿಡಿಸಲು ಬಾರದಂತೆ ಅಂಟಿಕೊಂಡು ಮುಗ್ಗಲು ವಾಸನೆ ಬರುತ್ತಿದ್ದವು. ಎಲ್ಲವನ್ನೂ ಮತ್ತೆ ತೊಳೆಯಬೇಕಾಯಿತು. ಮರುಬಳಕೆಯ ಲೋಟಕ್ಕೆ ಹಣ ಕೂಡಿಸುವವರು ಮಗುಚಿಡುವ ತಂತಿಯ ತಟ್ಟೆಗಳಿಗೂ ಸೇರಿಸಿಯೇ ಕೂಡಿಸಬೇಕು.

ಬಾಟಲಿಯ ವಿಷಯದಲ್ಲಿ ಹೋಲಿಕೆಯೇ ಬೇಡ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ 2017ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ಬಾಟಲಿಗಳು ಬಳಕೆಯಾಗಿದ್ದವು. 2019ರಲ್ಲಿ ಅಲ್ಲಿ ಒಮ್ಮೆ ಬಳಸಿ ಬಿಸಾಡುವ ಬಾಟಲಿಗಳ ಮಾರಾಟವನ್ನೇ ನಿಲ್ಲಿಸಿ, ನೀರು ತುಂಬಿಸಿಕೊಳ್ಳುವ ನಲ್ಲಿಗಳನ್ನು ಹೆಚ್ಚಿಸಿದರು. ನಾವೂ ಹಾಗೆಯೇ ಮಾಡಿದೆವು. ನಲ್ಲಿ ದೂರವಿದ್ದರೆ ಜನ ಬೈಯುತ್ತಾರೆ, ಹತ್ತಿರವಿದ್ದರೆ ಬಾಟಲಿಯನ್ನು ಯಾರೂ ಕೇಳುವುದಿಲ್ಲ.

ವಿದ್ಯುತ್ತು

ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮೊದಲ ವರ್ಷ ‘ಯಾವುದಕ್ಕೂ ಇರಲಿ’ ಎಂದು ದೊಡ್ಡ ಜನರೇಟರ್ ತರಿಸಿದ್ದೆವು. ಎರಡನೆಯ ವರ್ಷ ಅದಕ್ಕೆ ಮೀಟರ್ ಹಾಕಿ ನೋಡಿದಾಗ ದಿನದ ಬಹುಪಾಲು ಅದು ತನ್ನ ಸಾಮರ್ಥ್ಯದ ಕಾಲು ಭಾಗವನ್ನೂ ಮುಟ್ಟುತ್ತಿರಲಿಲ್ಲ. ಧ್ವನಿ ಮತ್ತು ಬೆಳಕಿನ ತಂತ್ರಜ್ಞರು ತಂತಮ್ಮ ಗರಿಷ್ಠ ಬೇಡಿಕೆಯನ್ನು ಬರೆದು ಕೊಡುತ್ತಾರೆ, ಆಯೋಜಕರು ಎಲ್ಲವನ್ನೂ ಕೂಡಿಸಿ ಅದರ ಮೇಲೂ ಒಂದಿಷ್ಟು ಸೇರಿಸುತ್ತಾರೆ. ಕಡಿಮೆ ಹೊರೆಯಲ್ಲಿ ಓಡುವ ಡೀಸೆಲ್ ಎಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ. ಇಂಧನ ಪೂರ್ತಿ ಉರಿಯದೆ ಹೊಗೆಕೊಳವೆಯಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತದೆ, ಪ್ರತಿ ಯೂನಿಟ್ಟಿಗೆ ತಗಲುವ ಡೀಸೆಲ್ಲೂ ಹೆಚ್ಚುತ್ತದೆ.

ಅದೇ ವರ್ಷ ಚಿಕ್ಕ ವೇದಿಕೆಗೆ ಸಣ್ಣ ಜನರೇಟರ್ ಮತ್ತು ಬ್ಯಾಟರಿಯ ಜೋಡಿ ಹಾಕಿದೆವು. ಎಂಜಿನ್ ಕೆಲವು ಗಂಟೆ ಒಳ್ಳೆಯ ಹೊರೆಯಲ್ಲಿ ಓಡಿ ಬ್ಯಾಟರಿ ತುಂಬಿಸಿ ನಿಲ್ಲುತ್ತದೆ. ಆ ವೇದಿಕೆಯ ಡೀಸೆಲ್ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗಿಳಿಯಿತು. ಬೆಳಗಿನ ಕೊಳಲು ಕಛೇರಿಯಲ್ಲಿ ಎಂಜಿನ್ ನಿಂತಿತ್ತು. ಸ್ವರಕ್ಕೂ ಸ್ವರಕ್ಕೂ ನಡುವೆ ವಾದಕರು ಉಸಿರು ತೆಗೆದುಕೊಳ್ಳುವುದು ಹಿಂದಿನ ಸಾಲಿಗೂ ಕೇಳಿಸಿತು. ಅದನ್ನು ಕೇಳಿದ ಮೇಲೆ ಕಲಾವಿದರ ಕಡೆಯಿಂದ ಬ್ಯಾಟರಿಗೆ ಒಂದು ಆಕ್ಷೇಪವೂ ಬರಲಿಲ್ಲ.

ಸಸ್ಯತೈಲದಿಂದ ಸಂಸ್ಕರಿಸಿದ ಎಚ್‌ವಿಒ ಇಂಧನವನ್ನೂ ಒಂದು ದಿನ ಬಳಸಿದೆವು. ಹೊಗೆ ಕಡಿಮೆ, ಎಂಜಿನ್ನಿಗೆ ತೊಂದರೆಯಿಲ್ಲ. ಆದರೆ ಅದು ಬಳಸಿದ ಅಡುಗೆ ಎಣ್ಣೆಯಿಂದ ಬಂದಿದ್ದರೆ ಒಂದು ಕಥೆ, ಕಾಡು ಕಡಿದು ಬೆಳೆದ ತಾಳೆಯಿಂದ ಬಂದಿದ್ದರೆ ಇನ್ನೊಂದು. ಮೂಲದ ದಾಖಲೆ ಕೇಳಿದಾಗ ಪೂರೈಕೆದಾರರ ಬಳಿ ಇರಲಿಲ್ಲ. ಮತ್ತೆ ತರಿಸಲಿಲ್ಲ.

ಮೂರನೆಯ ವರ್ಷ ದೊಡ್ಡ ವೇದಿಕೆಗೆ ಊರಿನ ವಿದ್ಯುತ್ ಜಾಲದಿಂದಲೇ ತಾತ್ಕಾಲಿಕ ಸಂಪರ್ಕ ಪಡೆದೆವು. ಸಿಗುವುದಾದರೆ ಇದೇ ಎಲ್ಲಕ್ಕಿಂತ ಮೇಲು ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ನಾರ್ವೆಯ ಓಸ್ಲೋ ನಗರದ ಓಯಾ ಸಂಗೀತೋತ್ಸವ ಹೀಗೆ ಜಾಲದ ವಿದ್ಯುತ್ತಿನಿಂದ ನಡೆದು ಎಷ್ಟೋ ವರ್ಷಗಳಾದವು. ಜಾಲ ತಲುಪದ ಕಡೆ ಬ್ಯಾಟರಿ. 2024ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಬಯಲಿನಲ್ಲಿ ಮ್ಯಾಸಿವ್ ಅಟ್ಯಾಕ್ ಎಂಬ ಸಂಗೀತ ತಂಡ ಇಡೀ ದಿನದ ದೊಡ್ಡ ಕಾರ್ಯಕ್ರಮವನ್ನು ಬ್ಯಾಟರಿಗಳಿಂದಲೇ ನಡೆಸಿತು. ಅದು ಆಗುವ ಕೆಲಸ ಎಂಬುದರಲ್ಲಿ ಈಗ ಸಂಶಯವಿಲ್ಲ. ಬೇಕಾದದ್ದು ಸಮಯ: ಸಂಪರ್ಕದ ಅರ್ಜಿಯನ್ನು ಕಲಾವಿದರ ಪಟ್ಟಿ ಸಿದ್ಧವಾಗುವ ಮೊದಲೇ ಹಾಕಬೇಕು.

ಶೌಚಾಲಯ

ರಾಸಾಯನಿಕ ಶೌಚಾಲಯಕ್ಕೆ ನೀಲಿ ದ್ರವ ಬೇಕು, ತುಂಬಿದಾಗಲೆಲ್ಲ ಲಾರಿ ಬರಬೇಕು. ಮರದ ಹೊಟ್ಟು ಹಾಕುವ ಒಣ ಶೌಚಾಲಯಕ್ಕೆ ನೀರೂ ಬೇಡ. ಪ್ರತಿಯೊಬ್ಬರೂ ಒಂದು ಚೊಂಬು ಹೊಟ್ಟು ಸುರಿದರೆ ವಾಸನೆ ಬರುವುದಿಲ್ಲ. ಎರಡನೆಯ ಸಂಜೆ ಹೊಟ್ಟು ಮುಗಿದು ಒಂದು ಗಂಟೆಯಾಗುವಷ್ಟರಲ್ಲಿ ಆ ಕಡೆ ಸುಳಿಯಲು ಆಗಲಿಲ್ಲ. ಸಂಗ್ರಹವಾದದ್ದನ್ನು ಒಂದು ವರ್ಷವಾದರೂ ಮಾಗಲು ಬಿಡುವ ಜಾಗ ಇರುವವರು ಇದನ್ನೇ ಆರಿಸಬೇಕು. ಜಾಗ ಇಲ್ಲದಿದ್ದರೆ ಇದಕ್ಕೂ ಲಾರಿಯೇ ಗತಿ.

ಮೈದಾನದಲ್ಲಿ ಕಾಣದ ಭಾಗ

ಲೋಟ ಕಾಣುತ್ತದೆ, ಹೊಗೆ ಕಾಣುತ್ತದೆ. ಜನ ಹೇಗೆ ಬಂದರು ಎಂಬುದು ಮರುದಿನದ ಮೈದಾನದಲ್ಲಿ ಉಳಿಯುವುದಿಲ್ಲ. ಆದರೆ ಬ್ರಿಟನ್ನಿನ ಉತ್ಸವಗಳನ್ನು ಲೆಕ್ಕ ಹಾಕಿದವರು ಪ್ರೇಕ್ಷಕರ ಓಡಾಟದ ಪಾಲು ಒಟ್ಟು ಇಂಗಾಲದಲ್ಲಿ ಶೇಕಡಾ 80ರವರೆಗೂ ಇರಬಹುದು ಎಂದಿದ್ದಾರೆ. ಇದನ್ನು ಓದಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಎರಡು ವರ್ಷ ಲೋಟದ ಹಿಂದೆ ಓಡಿದ್ದ ನಾವು ದ್ವಾರದ ಆಚೆ ಸಾಲುಗಟ್ಟಿದ್ದ ಕಾರುಗಳನ್ನು ಎಣಿಸಿಯೇ ಇರಲಿಲ್ಲ.

ಮೂರನೆಯ ವರ್ಷ ಮೊದಲ ದಿನ ಕಾರು ನಿಲುಗಡೆಗೆ ಶುಲ್ಕ ಹಾಕಿದೆವು. ಕಾರುಗಳು ಕಡಿಮೆಯಾಗಲಿಲ್ಲ, ರಸ್ತೆಯ ಇಕ್ಕೆಲಗಳಿಗೆ ಸರಿದವು, ಅಕ್ಕಪಕ್ಕದ ಮನೆಯವರಿಗೆ ತೊಂದರೆಯಾಯಿತು. ಎರಡನೆಯ ದಿನ ರೈಲು ನಿಲ್ದಾಣದಿಂದ ಬಸ್ಸು ಬಿಟ್ಟೆವು, ಪ್ರತ್ಯೇಕ ಟಿಕೆಟ್ಟಿಗೆ. ಬರುವಾಗ ಅರ್ಧ ತುಂಬಿತ್ತು, ಹೋಗುವಾಗ ಖಾಲಿ. ಕೊನೆಯ ಬಸ್ಸು ಕೊನೆಯ ಹಾಡಿಗೆ ಕಾಲು ಗಂಟೆ ಮೊದಲೇ ಹೊರಡುತ್ತಿತ್ತು. ಯಾರು ತಾನೇ ಎದ್ದು ಹೋಗುತ್ತಾರೆ?

ನಾಲ್ಕನೆಯ ವರ್ಷ ಬಸ್ಸಿನ ದರವನ್ನು ಪ್ರವೇಶ ಟಿಕೆಟ್ಟಿನಲ್ಲೇ ಸೇರಿಸಿದೆವು, ಕೊನೆಯ ಬಸ್ಸನ್ನು ಹಾಡು ಮುಗಿದು ನಲವತ್ತು ನಿಮಿಷಕ್ಕೆ ಇಟ್ಟೆವು, ಸಮಯವನ್ನು ಕಲಾವಿದರ ಪಟ್ಟಿಯ ಕೆಳಗೇ ಮುದ್ರಿಸಿದೆವು. ಬಸ್ಸುಗಳು ತುಂಬಿದವು, ಎರಡು ಹೆಚ್ಚುವರಿ ಬಸ್ಸುಗಳನ್ನು ಕರೆಸಬೇಕಾಯಿತು. ಹೊಸದಾಗಿ ಶುರು ಮಾಡುವವರು ಕೇಳಿದರೆ ಮೊದಲ ಹಣವನ್ನು ಬಸ್ಸಿಗೆ ಹಾಕಿ, ಎರಡನೆಯದನ್ನು ವಿದ್ಯುತ್ತಿಗೆ, ಲೋಟಕ್ಕೆ ಮೂರನೆಯದು ಎನ್ನುತ್ತೇನೆ. ನಾವು ನಡೆದು ಬಂದದ್ದು ಇದರ ಉಲ್ಟಾ ದಾರಿಯಲ್ಲಿ.

ಆ ವರ್ಷ ಇನ್ನೊಂದು ಸಣ್ಣ ಬದಲಾವಣೆಯನ್ನೂ ಮಾಡಿದ್ದೆವು. ಲೋಟ ಮರಳಿಸುವ ಮೇಜುಗಳನ್ನು ದ್ವಾರದಿಂದ ಎತ್ತಿ ಬಸ್ಸಿಗೆ ಕಾಯುವ ಜಾಗಕ್ಕೆ ಒಯ್ದೆವು. ಹತ್ತು ನಿಮಿಷ ಹೇಗೂ ನಿಲ್ಲಬೇಕಾದವರಿಗೆ ಸಾಲು ಭಾರವಾಗಲಿಲ್ಲ. ಹಾಡನ್ನು ಗುನುಗುತ್ತಲೇ ಲೋಟ ಕೊಟ್ಟು ಠೇವಣಿ ಪಡೆದರು. ಕೊನೆಯ ಬಸ್ಸು ಹೊರಟಾಗ ಬಡಗಿ ಕೋಲು ಹಿಡಿದು ಕೊನೆಯ ಸಾಲನ್ನು ಅಳೆದರು: ಇಪ್ಪತ್ತೈದರ ಗೀರಿಗೆ ಒಂದು ಲೋಟ ಕಡಿಮೆ. ಬಸ್ಸಿನ ಕಿಟಕಿಯಿಂದ ಒಬ್ಬ ಹುಡುಗಿ ಕೈ ಚಾಚಿ ಅದನ್ನೂ ಕೊಟ್ಟಳು.