ವಾಲಿಯ ವಾದ, ಇಪ್ಪತ್ತು ಮುಖದ ದಾಳ

ದಾಳ ಉರುಳಿಸುತ್ತ ಕತೆ ಆಡುವ ಈ ಹುಚ್ಚು ಹಿಡಿಸಿದವನು ನನ್ನ ತಂಗಿಯ ಮಗ. ಶನಿವಾರ ರಾತ್ರಿ ಒಂಬತ್ತಕ್ಕೆ ಪುತ್ತೂರಿನಲ್ಲಿ ನಾನು, ಬೆಂಗಳೂರಿನಲ್ಲಿ ಅವನು, ಇನ್ನೂ ಮೂವರು ಅವರವರ ಊರಿನಲ್ಲಿ ರೋಲ್‌ಟ್ವೆಂಟಿ ಎಂಬ ಆಟದ ಜಾಲತಾಣ ತೆರೆದು ಕೂರುತ್ತೇವೆ. ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 2014ರ ಐದನೇ ಆವೃತ್ತಿಯ ನಿಯಮಗಳಲ್ಲಿ. ನಮಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ, ಕತೆ ನಡೆಸುವವನು ಅಳಿಯ; ಪಾತ್ರ ಮಾಡಹೊರಟದ್ದು ಆಗುತ್ತದೋ ಇಲ್ಲವೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. ಉಚಿತ ಖಾತೆ ಸಾಕು, ಬ್ರೌಸರಿನಲ್ಲೇ ನಡೆಯುತ್ತದೆ. ಮಾತಿಗೆ ಡಿಸ್ಕಾರ್ಡ್ ಎಂಬ ಆ್ಯಪ್. ಪಾತ್ರದ ಹಾಳೆಯಲ್ಲಿ ಬೇಕಾದ ಕೌಶಲದ ಹೆಸರು ಒತ್ತಿದರೆ ದಾಳ ಉರುಳುತ್ತದೆ, ಆ ಕೌಶಲಕ್ಕಿರುವ ಅಂಕ ತಾನೇ ಕೂಡಿಕೊಂಡು ಎಲ್ಲರ ಪರದೆಯಲ್ಲೂ ಕಾಣುತ್ತದೆ. ಕಳ್ಳಲೆಕ್ಕಕ್ಕೆ ಜಾಗವಿಲ್ಲ.

ಮೂರನೇ ವಾರ ನನ್ನ ಪಾತ್ರವಾದ ಕಳ್ಳ ಸೇತುವೆ ದಾಟಬೇಕಿತ್ತು. ಕಾವಲುಗಾರ ಬಿಡಲಿಲ್ಲ. ಹದಿನೈದು ವರ್ಷ ತಾಳಮದ್ದಳೆಯಲ್ಲಿ ಹವ್ಯಾಸಕ್ಕೆ ಅರ್ಥ ಹೇಳಿದವನು ನಾನು, ಬಿಡುತ್ತೇನೆಯೇ? ಅವನಿಗೆ ಬಾಕಿಯಿರುವ ಸಂಬಳ, ಮಗಳ ಮದುವೆ, ರಾಜನ ಕೃತಘ್ನತೆ, ಎಲ್ಲವನ್ನೂ ಎಳೆದು ತಂದು ನಾಲ್ಕು ನಿಮಿಷ ಮಾತನಾಡಿದೆ.

"ಚೆನ್ನಾಗಿತ್ತು ಮಾವ. ಈಗ ದಾಳ ಹಾಕಿ. ಹದಿನೈದು ಬೇಕು."

ಬಿದ್ದದ್ದು ಮೂರು. ನನ್ನ ಕೌಶಲದ ಎರಡು ಕೂಡಿದರೆ ಐದು. ಕಾವಲುಗಾರ ನನ್ನನ್ನು ಹೊಳೆಗೆ ನೂಕಿದ.

ಮರುದಿನ ಫೋನಿನಲ್ಲಿ ಜಗಳವಾಡಿದೆ: ಹಾಗಾದರೆ ನನ್ನಿಂದ ಅಷ್ಟು ಮಾತನಾಡಿಸಿದ್ದೇಕೆ? ಅವನೆಂದ, "ನಾಲಿಗೆ ನಿಮ್ಮದು ಮಾವ, ಕಳ್ಳನದಲ್ಲ. ನಮ್ಮ ಗುಂಪಿನಲ್ಲಿ ಬಾಯಿ ಬಿಡಲು ಹೆದರುವ ಹುಡುಗಿ ರಾಯಭಾರಿಯ ಪಾತ್ರ ಮಾಡುತ್ತಿದ್ದಾಳೆ. ನೀವು ಬರೀ ಮಾತಿನಿಂದ ಗೆದ್ದರೆ ಅವಳು ಏನು ಮಾಡಬೇಕು?" ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಪುಸ್ತಕದಲ್ಲೇ ಇದ್ದ ನಿಯಮವೊಂದು ಕೈಹಿಡಿಯಿತು. ಅಡ್ವಾಂಟೇಜ್ ಸಿಕ್ಕಿದರೆ ಎರಡು ದಾಳ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಈಗ ಒಳ್ಳೆಯ ಮಾತಿಗೆ, ಅಥವಾ ಅಂಜುತ್ತಲೇ ಬರೆದು ಕಳಿಸಿದ ಒಳ್ಳೆಯ ಉಪಾಯಕ್ಕೆ, ಅಳಿಯ ಅದನ್ನು ಕೊಡುತ್ತಾನೆ.

ಇದಕ್ಕೆ ಮೊದಲು ನಾನು ಸೇರಿದ್ದ ಬೇರೊಂದು ಗುಂಪಿನಲ್ಲಿ ಹದಿನಾಲ್ಕು ಪುಟದ ಸ್ವಂತ ನಿಯಮಗಳಿದ್ದವು. ಪಾತ್ರಕ್ಕೆ ಅರ್ಜಿ, ಅರ್ಜಿಗೆ ತಿದ್ದುಪಡಿ. ಆಟಕ್ಕೆ ಮುಂಚೆಯೇ ತಾಲೂಕು ಕಚೇರಿಗೆ ಅಲೆದಂತಾಗಿ ಬಿಟ್ಟುಬಂದೆ.

ತಾಳಮದ್ದಳೆಯಲ್ಲಿ ವಾಲಿ ರಾಮನನ್ನು ಎಷ್ಟೇ ಪ್ರಶ್ನಿಸಲಿ, ಸಾಯಲೇಬೇಕು; ಭಾಗವತರು ಮುಂದಿನ ಪದ ಎತ್ತಿದರೆ ವಾದ ಮುಗಿಯಿತು. ಸ್ವಾತಂತ್ರ್ಯವೆಲ್ಲ ಮಾತಿನಲ್ಲಿ. ಇಲ್ಲಿ ಕತೆಯ ಕೊನೆ ಭಾಗವತನ ಜಾಗದಲ್ಲಿರುವ ಅಳಿಯನಿಗೂ ಗೊತ್ತಿಲ್ಲ. ನನಗೆ ಇದನ್ನು ಒಪ್ಪಲು ತಿಂಗಳು ಹಿಡಿಯಿತು.

ಒಂದು ಎಚ್ಚರ: ಒಂದೇ ಒತ್ತಿಗೆ ದಾಳ ಉರುಳುವುದರಿಂದ ಬಾಗಿಲು ತೆಗೆಯಲೂ ದಾಳ, ಗಂಜಿ ಉಣ್ಣಲೂ ದಾಳ ಎಂಬ ಚಟ ಬೇಗ ಅಂಟುತ್ತದೆ. ಸೋತರೂ ಗೆದ್ದರೂ ಕತೆ ಬದಲಾಗದಿದ್ದರೆ ದಾಳ ಮುಟ್ಟುವಂತಿಲ್ಲ ಎಂದು ನಾವು ನಿಶ್ಚಯಿಸಿದ್ದೇವೆ. ಹೊಸಬರು ಉಚಿತವಾಗಿ ಸಿಗುವ ಮೂಲ ನಿಯಮಗಳಿಂದಲೇ ಆರಂಭಿಸಲಿ, ಉಳಿದದ್ದು ಬೇಕಾದಾಗ ಸಾಕು. ಇಂಗ್ಲಿಷ್ ಓದಲು ಬೇಸರವಿದ್ದವರಿಗೆ ಕಷ್ಟ. ಆಡುವಾಗ ಮಾತ್ರ ನಮ್ಮದು ಪೂರ್ತಿ ಕನ್ನಡ.

ಅಂದಹಾಗೆ, ಹೊಳೆಗೆ ಬಿದ್ದ ನನ್ನನ್ನು ಎತ್ತಿದ್ದು ಒಬ್ಬ ಅಂಬಿಗ. ಅಳಿಯ ಆ ಕ್ಷಣಕ್ಕೆ ಹುಟ್ಟಿಸಿದ ಪಾತ್ರ. ಆರು ವಾರವಾಯಿತು, ಕತೆಯೆಲ್ಲ ಅವನ ದೋಣಿಯ ಸುತ್ತಲೇ ನಡೆಯುತ್ತಿದೆ. ಅವನಿಗೆ ನಾನಿನ್ನೂ ಎರಡು ಬೆಳ್ಳಿ ನಾಣ್ಯ ಬಾಕಿ.