ಎಲ್ಕ್ ಬೇಟೆಗೆ ಬಾಣ ಮತ್ತು ಬ್ರಾಡ್‌ಹೆಡ್: ಆರು ಸೀಸನ್ ಬಳಸಿದ ಮೇಲೆ

ನಾನು ಈಗ ಬಳಸುತ್ತಿರುವುದು: ಈಸ್ಟನ್ ಕಂಪನಿಯ ಆಕ್ಸಿಸ್ 5 ಎಂಎಂ ಕಾರ್ಬನ್ ಶಾಫ್ಟ್ (ಬಾಣದ ಕಡ್ಡಿ), 300 ಸ್ಪೈನ್ (ಕಡ್ಡಿ ಎಷ್ಟು ಬಾಗುತ್ತದೆ ಅನ್ನುವ ಅಳತೆ, ವಿವರ ಮುಂದಿದೆ), 28 ಇಂಚಿಗೆ ಕತ್ತರಿಸಿದ್ದು. ಒಳಗೆ 50 ಗ್ರೇನ್‌ನ ಹಿತ್ತಾಳೆ ಇನ್ಸರ್ಟ್ (ಮೊನೆಯನ್ನು ತಿರುಗಿಸಿ ಕೂರಿಸುವ ತುಂಡು), ತುದಿಗೆ 100 ಗ್ರೇನ್‌ನ ಮೂರಲಗಿನ ಫಿಕ್ಸೆಡ್ ಬ್ರಾಡ್‌ಹೆಡ್, ಅಂದರೆ ಅಲಗುಗಳು ಸದಾ ಹೊರಗೇ ಇರುವ ಬೇಟೆಯ ಮೊನೆ. ಗರಿ, ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ) ಸೇರಿ ತಕ್ಕಡಿಯಲ್ಲಿ 480 ಗ್ರೇನ್ ಆಸುಪಾಸು, ಅಂದರೆ ಸುಮಾರು 31 ಗ್ರಾಂ. ಬಿಲ್ಲು ಎಳೆಯಲು 65 ಪೌಂಡ್ ಬಲ ಬೇಡುವ ಕಾಂಪೌಂಡ್, ಅಂದರೆ ತುದಿಗಳಲ್ಲಿ ರಾಟೆ ಇರುವ ಬಿಲ್ಲು. ಓಡಾಡಿದ್ದು ಅಮೆರಿಕದ ಕೊಲರಾಡೊದ ಫ್ಲ್ಯಾಟ್ ಟಾಪ್ಸ್ ಬೆಟ್ಟಗಳಲ್ಲಿ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ. ಬಲಿತ ಗಂಡು 300 ಕೆಜಿ ದಾಟುತ್ತದೆ.

ಮೊದಲ ವರ್ಷ ಅಂಗಡಿಯಲ್ಲಿ ಕೊಟ್ಟದ್ದನ್ನೇ ತಂದಿದ್ದೆ. 390 ಗ್ರೇನ್‌ನ ಹಗುರ ಬಾಣ, 400 ಸ್ಪೈನ್, ಮುಂದೆ ತಾಗಿದ ಕೂಡಲೇ ಎರಡಿಂಚು ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ ಬ್ರಾಡ್‌ಹೆಡ್. ಹಿತ್ತಲಲ್ಲಿ ಹೊಡೆದಾಗ ಎಂಥಾ ವೇಗ ಅಂತೀರಿ! ಕಾಡಿನಲ್ಲಿ 32 ಗಜಕ್ಕೆ ಗಂಡೊಂದು ಅಡ್ಡ ನಿಂತಿತು. ಬಿಡುವ ಹೊತ್ತಿಗೆ ಅದು ಅರ್ಧ ಹೆಜ್ಜೆ ಎತ್ತಿತು, ಬಾಣ ಹೆಗಲಿನ ಹಲಗೆ ಮೂಳೆಗೆ ಬಡಿಯಿತು. ಮರಕ್ಕೆ ಕೊಡಲಿ ಹಾಕಿದಂಥ ಸದ್ದು. ನಾಲ್ಕಿಂಚು ಹೊಕ್ಕಿದ್ದರೆ ಹೆಚ್ಚು, ಮುಕ್ಕಾಲು ಬಾಣ ಹೊರಗೇ ತೂಗುತ್ತಿತ್ತು. ಆಸ್ಪೆನ್ ಮರದ ಎಲೆಗಳ ಮೇಲೆ ಹನಿ ಹನಿ ರಕ್ತ ಇನ್ನೂರು ಗಜದವರೆಗೆ ಸಿಕ್ಕಿತು, ಆಮೇಲೆ ಏನೂ ಇಲ್ಲ. ಎರಡು ದಿನ ಹುಡುಕಿದೆ. ತಪ್ಪು ಗುರಿಯದ್ದೂ ಹೌದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾಣದ ಶಕ್ತಿಯಲ್ಲಿ ಒಂದು ಪಾಲು ಬ್ಲೇಡ್ ಬಿಚ್ಚಲಿಕ್ಕೇ ಹೋಗುತ್ತದೆ, ಬಿಚ್ಚಿದ ಮೇಲೆ ಅಗಲದ ಅಲಗಿಗೆ ಎದುರು ಒತ್ತಡವೂ ಜಾಸ್ತಿ. ಸಣ್ಣ ಜಿಂಕೆಗೆ ಇದೇ ಜಾತಿಯ ಬ್ರಾಡ್‌ಹೆಡ್ ಹಾಕಿ ಖುಷಿಯಾಗಿರುವವರು ಬೇಕಾದಷ್ಟು ಮಂದಿ ಇದ್ದಾರೆ. ಎಲ್ಕ್‌ಗೆ ನಾನಂತೂ ಮತ್ತೆ ಹಾಕಲಿಲ್ಲ.

ಎರಡನೇ ವರ್ಷ ಬುದ್ಧಿವಂತಿಕೆ ಮಾಡಲು ಹೋಗಿ ಇನ್ನೊಂದು ಎಡವಟ್ಟು. ಅದೇ 400 ಶಾಫ್ಟ್‌ಗೆ ಮುಂದೆ ಭಾರ ಏರಿಸಿ ಫಿಕ್ಸೆಡ್ ಬ್ರಾಡ್‌ಹೆಡ್ ಹಾಕಿದೆ. ಅಭ್ಯಾಸದ ಮೊನೆ ಹಾಕಿದರೆ 40 ಗಜಕ್ಕೆ ನೆಟ್ಟಗೆ, ಬ್ರಾಡ್‌ಹೆಡ್ ಹಾಕಿದರೆ ಏಳಿಂಚು ಪಕ್ಕಕ್ಕೆ. ತಿಂಗಳಿಡೀ ಬಿಲ್ಲನ್ನು ಬೈದೆ. ತಪ್ಪು ಸ್ಪೈನ್‌ನದು. 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಶಾಫ್ಟ್ ಇಟ್ಟು ನಡುವೆ 1.94 ಪೌಂಡ್ ತೂಗಿಬಿಟ್ಟರೆ ಅದು ಎಷ್ಟು ಬಾಗುತ್ತದೋ ಅದೇ ಆ ಸಂಖ್ಯೆ. 0.400 ಇಂಚು ಬಾಗಿದರೆ 400, 0.300 ಬಾಗಿದರೆ 300. ಸಂಖ್ಯೆ ಇಳಿದಷ್ಟೂ ಬಾಣ ಗಟ್ಟಿ. ದೋಟಿಯ ತುದಿಗೆ ಹಲಸಿನಕಾಯಿ ಕಟ್ಟಿ ಎತ್ತಿ ನೋಡಿ, ಗೊತ್ತಾಗುತ್ತದೆ: ಮುಂದೆ ಭಾರ ಹೆಚ್ಚಿದಂತೆ ಬಾಣವೂ ಬಿಡುವಾಗ ಹಾಗೇ ಬಳುಕುತ್ತದೆ, ಮುಂದಿನ ಅಲಗು ಗಾಳಿ ಹಿಡಿದು ಅದನ್ನು ಎಳೆದೊಯ್ಯುತ್ತದೆ. 300ಕ್ಕೆ ಬದಲಾಯಿಸಿದ ಮೇಲೆ ರೆಸ್ಟ್ (ಬಿಲ್ಲಿನಲ್ಲಿ ಬಾಣ ಕೂರುವ ಆಸರೆ) ಕೂದಲೆಳೆಯಷ್ಟು ಸರಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ, ಎರಡೂ ಒಂದೇ ಕಡೆ ಬೀಳತೊಡಗಿದವು. ವೇಗ ಇಳಿಯಿತು, ಗುರಿ ಹಿಡಿಯುವ ಸೈಟ್‌ನ ಪಿನ್‌ಗಳನ್ನೆಲ್ಲ ಮತ್ತೆ ಕೂರಿಸಬೇಕಾಯಿತು. ನಾನು ಹೊಡೆಯುವುದೆಲ್ಲ 35 ಗಜದೊಳಗೆ, ಹಾಗಾಗಿ ಅದೊಂದು ನಷ್ಟ ಅನಿಸಿಲ್ಲ.

ಇನ್ಸರ್ಟ್ ಶಾಫ್ಟ್‌ನೊಳಗೆ ಪೂರ್ತಿ ಅಡಗಿ ಕೂರುತ್ತದೆ. ಎಪಾಕ್ಸಿ ಅಂಟು ಹಾಕಿ ಒಂದಿಡೀ ದಿನ ಬಿಡಿ, ಅವಸರ ಬೇಡ.

ಬ್ರಾಡ್‌ಹೆಡ್ ಒಂದೇ ತುಂಡು ಉಕ್ಕಿನದು, ಕಳಚಿಹೋಗಲು ಬಿಡಿ ಬ್ಲೇಡ್‌ಗಳೇ ಇಲ್ಲ. ಅಗಲ ಒಂದಿಂಚಿಗಿಂತ ತುಸು ಹೆಚ್ಚು. ಕೊಲರಾಡೊದ ಬೇಟೆ ನಿಯಮ ಕೇಳುವುದು ಕನಿಷ್ಠ 7/8 ಇಂಚು. ಪ್ಯಾಕ್‌ನಿಂದ ತೆಗೆದಾಗ ಇದ್ದ ಹರಿತ ನನಗೆ ಸಾಲಲಿಲ್ಲ. ಎರಡು ಅಲಗುಗಳನ್ನು ಒಟ್ಟಿಗೆ ಮಸೆಗಲ್ಲಿನ ಮೇಲೆ ಅಂಗಾತ ಮಲಗಿಸಿ ಎಳೆಯುವುದು, ತಿರುಗಿಸಿ ಮುಂದಿನ ಜೋಡಿ, ಹೀಗೆ ಮೂರು ಸುತ್ತು. ಮೊದಲು ಅಂಚಿಗೆ ಮಾರ್ಕರ್ ಬಳಿಯಿರಿ. ಎಲ್ಲಿ ಶಾಯಿ ಉಳಿದಿದೆಯೋ ಅಲ್ಲಿ ಕಲ್ಲು ಮುಟ್ಟಿಲ್ಲ. ಎಳೆದು ಹಿಡಿದ ರಬ್ಬರ್ ಬ್ಯಾಂಡ್ ಮುಟ್ಟಿದ ತಕ್ಷಣ ತುಂಡಾಗಬೇಕು, ಒತ್ತಿದ ಮೇಲೆ ತುಂಡಾದರೆ ಮತ್ತೆ ಕಲ್ಲಿಗೆ. ಇಲ್ಲಿ ಬಿಲ್ಲಿನ ಸೀಸನ್ ಶುರುವಾಗುವುದು ಸೆಪ್ಟೆಂಬರ್ 2ಕ್ಕೆ, ಮರುದಿನವೇ ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತ, ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಜ್ಜನ ಕಾಲದ ಮಾತಾಯಿತು, ಕೋವಿಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸುವುದು ಮಾತ್ರ ಉಳಿದಿದೆ. ನಾನು ಆ ದಿನ ಟೆಂಟಿನ ಮುಂದೆ ಕೂತು ಅಲಗು ಮಸೆಯುತ್ತೇನೆ.

ನಾಲ್ಕನೇ ವರ್ಷ ಹೆಣ್ಣೊಂದು 24 ಗಜಕ್ಕೆ, ಸ್ವಲ್ಪ ಆಚೆ ತಿರುಗಿ ನಿಂತಿತ್ತು. ಬಾಣ ಕೊನೆಯ ಪಕ್ಕೆಲುಬುಗಳ ಬಳಿ ಹೊಕ್ಕು ಎದುರು ಹೆಗಲಿನ ಹಿಂದೆ ಹೊರಬಂದು, ಆಚೆ ಮಣ್ಣಿನಲ್ಲಿ ನೆಟ್ಟಿತ್ತು. ಅದಕ್ಕೆ ತಾಗಿದ್ದೇ ತಿಳಿಯಲಿಲ್ಲವೇನೋ, ನಾಲ್ಕು ಹೆಜ್ಜೆ ನೆಗೆದು ನಿಂತು ಹಿಂದೆ ತಿರುಗಿ ನೋಡಿತು. ಅರವತ್ತು ಗಜದಾಚೆ ಬಿದ್ದಿತ್ತು. ಗರಿಗಳ ಮೇಲಿದ್ದದ್ದು ನೊರೆ ನೊರೆಯಾದ ಗುಲಾಬಿ ರಕ್ತ, ಶ್ವಾಸಕೋಶದ್ದು. ಆದರೂ ಅರ್ಧ ಗಂಟೆ ಕೂತೇ ಎದ್ದೆ. ಅದೇ ಬ್ರಾಡ್‌ಹೆಡ್ ತೊಳೆದು, ಮಸೆದು, ಕಳೆದ ವರ್ಷ ಗಂಡೊಂದಕ್ಕೆ ಬಳಸಿದೆ. ಆ ಸಲ ಪಕ್ಕೆಲುಬು ಸೀಳಿತು, ಮೊನೆ ಒಂಚೂರು ಮಡಚಿಕೊಂಡಿದೆ.

ಹನ್ನೆರಡು ಶಾಫ್ಟ್‌ಗಳಲ್ಲಿ ಏಳು ಉಳಿದಿವೆ. ಮೂರು ಕಲ್ಲಿಗೆ ಬಡಿದು ಸೀಳಿದವು, ಎರಡು ಹುಲ್ಲಿನಲ್ಲಿ ಮಾಯ. ಪ್ರತಿ ಸಲ ಹೊಡೆಯುವ ಮುನ್ನ ಶಾಫ್ಟ್ ಬಾಗಿಸಿ ಕಿವಿಗೊಟ್ಟು ನೋಡಿ, ಚಿಟಚಿಟ ಅಂದರೆ ಬಿಸಾಡಿ. ಒಡೆದ ಕಾರ್ಬನ್ ಕೈಗೆ ಹೊಕ್ಕರೆ ಆಸ್ಪತ್ರೆಯೇ ಗತಿ.

ನನ್ನ ಸಂಖ್ಯೆಗಳನ್ನು ಹಾಗೇ ನಕಲು ಮಾಡಬೇಡಿ. ನನ್ನ ಹೆಂಡತಿಯ ಬಿಲ್ಲು 45 ಪೌಂಡ್, ಅವಳ ಬಾಣ 500 ಸ್ಪೈನ್, ಬ್ರಾಡ್‌ಹೆಡ್ ಎರಡೇ ಅಲಗಿನ ಸಪೂರದ್ದು. ಕಡಿಮೆ ಶಕ್ತಿಗೆ ಅದೇ ಆಳ ಹೋಗುವುದು. 20 ಗಜ ಮೀರಿದರೆ ಅವಳು ಹೆದೆ ಎಳೆಯುವುದೇ ಇಲ್ಲ.